ಹನ್ನೊಂದು ಖಂಡಗಳ ಚರಿತ್ರೆ: ಎಳೆಯ ಮಕ್ಕಳನ್ನು ಕಾಡುವ ರೋಟಾವೈರಸ್ ತಳಿಗಳ ಆನುವಂಶಿಕ ವಿಕಾಸ

1. ಪೀಠಿಕೆ

ಎಳೆಯ ಮಕ್ಕಳ ವಾಂತಿಭೇದಿ ನಮ್ಮ ಜನಜೀವನಕ್ಕೆ ಹೊಸದಲ್ಲ. ಹಲ್ಲು ಹುಟ್ಟುವ ಕಾಲದ ಭೇದಿಯೆಂದೋ, ದೃಷ್ಟಿ ತಾಗಿದ್ದೆಂದೋ, ಹಾಲು ಜೀರ್ಣವಾಗಲಿಲ್ಲವೆಂದೋ ಹಿರಿಯರು ಅದಕ್ಕೆ ಕಾರಣ ಹುಡುಕಿದರು. ಬ್ಯಾಕ್ಟೀರಿಯಾಗಳ ಪರಿಚಯವಾದ ಮೇಲೂ ಆಸ್ಪತ್ರೆಗೆ ಬಂದ ಹೆಚ್ಚಿನ ಮಕ್ಕಳಲ್ಲಿ ರೋಗಕಾರಕ ಯಾವುದೆಂಬುದು ಅರ್ಧ ಶತಮಾನದ ಹಿಂದಿನವರೆಗೆ ತಿಳಿದಿರಲಿಲ್ಲ. ಆ ಕಾರಕಗಳಲ್ಲಿ ಮುಖ್ಯವಾದುದು ರೋಟಾವೈರಸ್ ಎಂಬುದು ಈಗ ಸ್ಥಾಪಿತವಾದ ಸಂಗತಿ. ಒಂದು ಅಂದಾಜಿನಂತೆ 2013ರಲ್ಲಿ ಜಗತ್ತಿನ ಐದು ವರ್ಷದೊಳಗಿನ ಸುಮಾರು 2,15,000 ಮಕ್ಕಳು ಈ ವೈರಸ್ಸಿನಿಂದ ಮೃತಪಟ್ಟರು. ಅವರಲ್ಲಿ ಸುಮಾರು 47,000 ಮಕ್ಕಳು ಭಾರತದವರು.

ಈ ವೈರಸ್ಸಿನ ವೈದ್ಯಕೀಯ ವಿವರಗಳನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಅದರ ತಳಿಗಳ ಚರಿತ್ರೆಯನ್ನು ನಾವು ಹೇಗೆ ಓದುತ್ತ ಬಂದಿದ್ದೇವೆ, ಆ ಓದಿನಲ್ಲಿ ಎಲ್ಲಿ ಎಡವಿದ್ದೇವೆ, ಅದನ್ನು ತಿದ್ದಿಕೊಳ್ಳಲು ನೆರವಾದ ಸಾಕ್ಷ್ಯಗಳು ಯಾವುವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ದೊರೆತ ಒಂದು ತಳಿಗೆ ಈ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿರುವುದರಿಂದ ಈ ವಿಷಯ ಕನ್ನಡ ನಾಡಿನ ವಿಜ್ಞಾನಚರಿತ್ರೆಗೂ ಸಂಬಂಧಿಸಿದ್ದಾಗಿದೆ.

2. ಚಕ್ರದಾಕಾರದ ಕಣ

1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ ರೂತ್ ಬಿಷಪ್, ಜೆಫ್ರಿ ಡೇವಿಡ್‌ಸನ್, ಇಯಾನ್ ಹೋಮ್ಸ್ ಮತ್ತು ಬ್ರಯನ್ ರಕ್ ಎಂಬ ನಾಲ್ವರು ಸಂಶೋಧಕರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ಮೊದಲ ಭಾಗದಿಂದ ಅಂಗಾಂಶದ ತುಣುಕುಗಳನ್ನು ತೆಗೆದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಕರುಳಿನ ಒಳಪೊರೆಯ ಕೋಶಗಳಲ್ಲಿ ವೈರಸ್ ಕಣಗಳು ಕಿಕ್ಕಿರಿದಿದ್ದವು. ಮರುವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಥಾಮಸ್ ಫ್ಲ್ಯುವೆಟ್ ಮತ್ತು ಅವರ ಸಂಗಡಿಗರು, ಗಾಲಿಯನ್ನು ಹೋಲುವ ಈ ಕಣಕ್ಕೆ, ಗಾಲಿ ಎಂಬ ಅರ್ಥದ ಲ್ಯಾಟಿನ್ ಪದವನ್ನು ಆಧರಿಸಿ ರೋಟಾವೈರಸ್ ಎಂಬ ಹೆಸರನ್ನು ಸೂಚಿಸಿದರು. ಅದೇ ತಂಡ ಆ ವರ್ಷ ಮಕ್ಕಳ ವೈರಸ್ಸಿಗೂ ಹುಟ್ಟಿದ ಕರುಗಳ ಭೇದಿಯಲ್ಲಿ ದೊರೆಯುವ ವೈರಸ್ಸಿಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿತು. ಕರುಗಳ ವೈರಸ್ಸನ್ನು ಅಮೆರಿಕದ ನೆಬ್ರಾಸ್ಕದಲ್ಲಿ 1969ರಲ್ಲಿಯೇ ಗುರುತಿಸಲಾಗಿತ್ತು. ಹೀಗೆ ಶಿಶು ಮತ್ತು ಕರು ಎರಡನ್ನೂ ಒಟ್ಟಿಗೆ ನೋಡಬೇಕೆಂಬ ಸೂಚನೆ ಈ ಅಧ್ಯಯನದ ಆರಂಭದಲ್ಲಿಯೇ ಇತ್ತು. ಅದರ ಪೂರ್ಣಾರ್ಥ ತಿಳಿಯಲು ಎರಡು ದಶಕಗಳು ಬೇಕಾದವು.

ಮೂರು ಪದರಗಳ ಪ್ರೋಟೀನು ಚಿಪ್ಪಿನೊಳಗೆ ರೋಟಾವೈರಸ್ಸಿನ ಆನುವಂಶಿಕ ದ್ರವ್ಯ ಅಡಗಿರುತ್ತದೆ. ಅದು ಒಂದೇ ಉದ್ದನೆಯ ಎಳೆಯಲ್ಲ. ಎರಡೆಳೆಯ ಆರ್‌ಎನ್‌ಎಯ ಹನ್ನೊಂದು ಪ್ರತ್ಯೇಕ ಖಂಡಗಳು. ಒಟ್ಟು ಉದ್ದ ಸುಮಾರು 18,500 ಅಕ್ಷರಜೋಡಿಗಳು. ಈ ರಚನೆಯಿಂದ ವೈರಸ್ಸಿಗೆ ಬದಲಾಗಲು ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು ಉತ್ಪರಿವರ್ತನೆ, ಅಂದರೆ ಪ್ರತಿ ತೆಗೆಯುವಾಗ ಅಕ್ಷರಗಳು ತಪ್ಪುವುದು. ಹೊರಚಿಪ್ಪಿನ ಒಂದು ಪ್ರೋಟೀನನ್ನು ರೂಪಿಸುವ, ಸಾವಿರಕ್ಕೆ ತುಸು ಹೆಚ್ಚು ಅಕ್ಷರಗಳ ಜೀನಿನಲ್ಲಿ ವರ್ಷಕ್ಕೆ ಸುಮಾರು ಎರಡು ಅಕ್ಷರಗಳು ಬದಲಾಗುತ್ತವೆಂದು ಜಿ9 ಬಗೆಯ ತಳಿಗಳ ಅಧ್ಯಯನದಿಂದ ಲೆಕ್ಕಹಾಕಲಾಗಿದೆ. ಎರಡನೆಯದು ಖಂಡವಿನಿಮಯ. ಎರಡು ಭಿನ್ನ ತಳಿಗಳು ಒಂದೇ ಕೋಶವನ್ನು ಹೊಕ್ಕಾಗ ಹೊರಬರುವ ಮರಿವೈರಸ್ಸುಗಳಲ್ಲಿ ಕೆಲವು ಖಂಡಗಳು ಒಂದು ತಳಿಯಿಂದಲೂ ಉಳಿದವು ಇನ್ನೊಂದರಿಂದಲೂ ಬರಬಹುದು.

ಹಸ್ತಪ್ರತಿಗಳ ವ್ಯಾಸಂಗ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಲಿಪಿಕಾರನ ಕೈತಪ್ಪಿನಿಂದ ಹುಟ್ಟುವ ಪಾಠಾಂತರ ಉತ್ಪರಿವರ್ತನೆಯಂತೆ. ಎರಡು ಓಲೆಗಟ್ಟುಗಳ ದಾರ ಹರಿದು ಒಂದರ ಗರಿಗಳು ಇನ್ನೊಂದರಲ್ಲಿ ಸೇರಿಕೊಂಡರೆ ಅದು ಖಂಡವಿನಿಮಯದಂತೆ. ಮೊದಲನೆಯದರಲ್ಲಿ ಪಾಠ ನಿಧಾನವಾಗಿ ಬದಲಾಗುತ್ತದೆ. ಎರಡನೆಯದರಲ್ಲಿ ಕಟ್ಟಿನ ಸ್ವರೂಪವೇ ಒಮ್ಮೆಗೆ ಬದಲಾಗುತ್ತದೆ.

3. ಎರಡು ಗರಿಗಳಿಂದ ಕಟ್ಟನ್ನು ಗುರುತಿಸಿದ ಕ್ರಮ

ವೈರಸ್ಸಿನ ಹೊರಪದರದಲ್ಲಿ ವಿಪಿ7 ಮತ್ತು ವಿಪಿ4 ಎಂಬ ಎರಡು ಪ್ರೋಟೀನುಗಳಿವೆ. ದೇಹದ ರಕ್ಷಣಾವ್ಯವಸ್ಥೆ ಮುಖ್ಯವಾಗಿ ಇವನ್ನೇ ಗುರುತಿಸಿ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ. ಸಕ್ಕರೆಯ ಸರಪಳಿ ಹೊತ್ತ ವಿಪಿ7ನ್ನು ಆಧರಿಸಿ ಜಿ ಬಗೆಗಳನ್ನೂ, ಜೀರ್ಣಕಾರಕ ಕಿಣ್ವದಿಂದ ತುಂಡಾಗುವ ವಿಪಿ4ನ್ನು ಆಧರಿಸಿ ಪಿ ಬಗೆಗಳನ್ನೂ ನಿಗದಿಪಡಿಸಲಾಯಿತು. ಜಿ1ಪಿ8, ಜಿ2ಪಿ4, ಜಿ9ಪಿ8 ಮೊದಲಾದ ಹೆಸರುಗಳು ಹೀಗೆ ಬಳಕೆಗೆ ಬಂದವು. 1990ರ ದಶಕದ ಆರಂಭದಲ್ಲಿ ಪಿಸಿಆರ್ ವಿಧಾನದಿಂದ ಈ ಬಗೆಗಳನ್ನು ಪತ್ತೆಹಚ್ಚುವ ಕ್ರಮ ರೂಪುಗೊಂಡ ಮೇಲೆ ಜಗತ್ತಿನ ಅನೇಕ ದೇಶಗಳಿಂದ ತಳಿಗಳ ಪಟ್ಟಿಗಳು ಪ್ರಕಟವಾಗತೊಡಗಿದವು.

ಈ ಪದ್ಧತಿ ಉಪಯುಕ್ತವಾದುದೇ. ಅದರಿಂದಲೇ ತಳಿಗಳ ಆಗಮನ-ನಿರ್ಗಮನಗಳು ಕಂಡುಬಂದವು. ಜಿ9 ಬಗೆ 1983ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಾಣಿಸಿಕೊಂಡು, ಅಲ್ಲಿ ಸುಮಾರು ಒಂದು ದಶಕ ಮರೆಯಾಗಿ, 1990ರ ದಶಕದ ಮಧ್ಯದಲ್ಲಿ ಮತ್ತೆ ತೋರಿ ಹಲವು ಖಂಡಗಳಿಗೆ ಹರಡಿತು. ಫಿಲಿಪೀನ್ಸಿನಲ್ಲಿ 1980ರ ದಶಕದ ಕೊನೆಯಲ್ಲಿ ಕಂಡ ಜಿ12 ಬಗೆಯೂ ಹೀಗೆಯೇ ಹತ್ತು ವರ್ಷಗಳ ಅನಂತರ ಥೈಲ್ಯಾಂಡ್ ಮತ್ತು ಅಮೆರಿಕಗಳಲ್ಲಿ, ಮುಂದೆ ಕೋಲ್ಕತ್ತದಲ್ಲಿ ದೊರೆತು ವ್ಯಾಪಕವಾಯಿತು.

ಆದರೆ ಪದ್ಧತಿಯ ಮಿತಿಯೂ ಸ್ಪಷ್ಟ. ಹನ್ನೊಂದು ಗರಿಗಳ ಕಟ್ಟಿನಲ್ಲಿ ಎರಡನ್ನು ಮಾತ್ರ ನೋಡಿ ಗ್ರಂಥದ ಹೆಸರು ಬರೆದಿಟ್ಟಂತೆ ಇದು. ಉಳಿದ ಒಂಬತ್ತು ಗರಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಉತ್ತರ ನೀಡಿದ ಮೊದಮೊದಲ ತಳಿಗಳಲ್ಲಿ ಒಂದು ಬೆಂಗಳೂರಿನದು.

4. ಬೆಂಗಳೂರಿನ ನವಜಾತ ಶಿಶುಗಳ ತಳಿ

ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವವಿಜ್ಞಾನ ಹಾಗೂ ಕೋಶಜೀವವಿಜ್ಞಾನ ವಿಭಾಗದಲ್ಲಿ ಸಿ. ದುರ್ಗಾರಾವ್ ಮತ್ತು ಅವರ ಸಹಸಂಶೋಧಕರು 1980ರ ದಶಕದ ಕೊನೆಯಿಂದ ಬೆಂಗಳೂರು ಮತ್ತು ಮೈಸೂರಿನ ಮಕ್ಕಳಲ್ಲಿ ರೋಟಾವೈರಸ್ ತಳಿಗಳ ಅಧ್ಯಯನವನ್ನು ಕೈಗೊಂಡರು. ಭೇದಿಯಿಂದ ಆಸ್ಪತ್ರೆಗೆ ಬಂದ ಮಕ್ಕಳ ತಳಿಗಳನ್ನು 1988ರಿಂದ 1994ರವರೆಗೆ ಈ ಎರಡು ನಗರಗಳಲ್ಲಿ ಪರಿಶೀಲಿಸಲಾಯಿತು. ಇದರೊಡನೆ ಆರೋಗ್ಯವಂತ ನವಜಾತ ಶಿಶುಗಳ ಮಲವನ್ನೂ ಪರೀಕ್ಷಿಸಿದ್ದು ಮಹತ್ವದ ನಿರ್ಧಾರವಾಯಿತು. ಯಾವ ರೋಗಲಕ್ಷಣವೂ ಇಲ್ಲದ ಶಿಶುಗಳಲ್ಲಿ ವೈರಸ್ ದೊರೆಯಿತು. ಅದರ ಗುಣವೂ ವಿಚಿತ್ರವಾಗಿತ್ತು.

ಆ ವೈಚಿತ್ರ್ಯವನ್ನು ಅರಿಯಲು ಅಂದಿನ ಪ್ರಯೋಗಶಾಲೆಯ ಕ್ರಮವನ್ನು ಸ್ವಲ್ಪ ತಿಳಿಯಬೇಕು. ವೈರಸ್ಸಿನ ಆರ್‌ಎನ್‌ಎಯನ್ನು ಜೆಲ್ಲಿನ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿದರೆ ಹನ್ನೊಂದು ಖಂಡಗಳು ತಮ್ಮ ಗಾತ್ರಕ್ಕೆ ಅನುಗುಣವಾಗಿ ಹನ್ನೊಂದು ಗೆರೆಗಳಾಗಿ ನಿಲ್ಲುತ್ತವೆ. ಹನ್ನೊಂದನೆಯ ಖಂಡ ದೂರ ಓಡಿದರೆ ಆ ವಿನ್ಯಾಸವನ್ನು ದೀರ್ಘವೆಂದೂ, ಹಿಂದೆ ಉಳಿದರೆ ಹ್ರಸ್ವವೆಂದೂ ಕರೆಯುತ್ತಾರೆ. ನಡುಪದರದ ಪ್ರೋಟೀನನ್ನು ಆಧರಿಸಿ ಒಂದು ಮತ್ತು ಎರಡು ಎಂಬ ಉಪಗುಂಪುಗಳನ್ನೂ ಗುರುತಿಸುತ್ತಿದ್ದರು. ಮನುಷ್ಯರ ಸಾಮಾನ್ಯ ತಳಿಗಳಲ್ಲಿ ದೀರ್ಘ ವಿನ್ಯಾಸವಿದ್ದರೆ ಎರಡನೆಯ ಉಪಗುಂಪು, ಹ್ರಸ್ವ ವಿನ್ಯಾಸವಿದ್ದರೆ ಮೊದಲನೆಯ ಉಪಗುಂಪು ಇರುವುದು ವಾಡಿಕೆ. ಬೆಂಗಳೂರಿನ ಶಿಶುಗಳ ತಳಿಯಲ್ಲಿ ದೀರ್ಘ ವಿನ್ಯಾಸವೂ ಮೊದಲನೆಯ ಉಪಗುಂಪೂ ಜೊತೆಯಾಗಿದ್ದವು. ಇದು ಪ್ರಾಣಿಗಳ ತಳಿಗಳ ಲಕ್ಷಣ. 1992ರಲ್ಲಿ ಈ ಸಂಗತಿ ಪ್ರಕಟವಾಯಿತು.

ಐ321 ಎಂದು ಹೆಸರಿಸಲಾದ ಈ ತಳಿಯ ಜೀನುಗಳನ್ನು ಅಮೆರಿಕದ ಸಂಶೋಧಕರ ಸಹಯೋಗದಲ್ಲಿ ಪರಿಶೀಲಿಸಿ 1993ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಲಾಯಿತು. ಅದರ ಹೊರಪದರದ ಎರಡು ಪ್ರೋಟೀನುಗಳೂ ದನಗಳ ಜಿ10ಪಿ11 ಬಗೆಯ ತಳಿಯ ಪ್ರೋಟೀನುಗಳಿಗೆ ಬಹಳ ಹತ್ತಿರವಾಗಿದ್ದವು. ಹನ್ನೊಂದು ಖಂಡಗಳಲ್ಲಿ ಒಂಬತ್ತು ದನಗಳ ವೈರಸ್ಸಿನವು. ಐದನೆಯ ಮತ್ತು ಏಳನೆಯ ಖಂಡಗಳು ಮಾತ್ರ ಮನುಷ್ಯರ ವೈರಸ್ಸಿನವು. ಈ ಎರಡು ಖಂಡಗಳು ರೂಪಿಸುವ ಪ್ರೋಟೀನುಗಳ ಕಾರ್ಯ ಗಮನಾರ್ಹ. ಒಂದು, ಕೋಶದ ಇಂಟರ್‌ಫೆರಾನ್ ಎಂಬ ರಕ್ಷಣಾಕ್ರಮವನ್ನು ತಡೆಯುತ್ತದೆ. ಇನ್ನೊಂದು, ಕೋಶದ ಪ್ರೋಟೀನು ತಯಾರಿಕೆಯನ್ನು ವೈರಸ್ಸಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ದನದ ವೈರಸ್ಸು ಮನುಷ್ಯಶಿಶುವಿನ ಕರುಳಿನಲ್ಲಿ ನೆಲೆಯೂರಲು ಈ ಎರಡು ಖಂಡಗಳು ನೆರವಾಗಿರಬೇಕೆಂಬ ಊಹೆಗೆ ಇಲ್ಲಿ ಆಧಾರವಿದೆ. ಒಂದೇ ಸೂರಿನಡಿ ದನಕರುಗಳೂ ಮಕ್ಕಳೂ ಬೆಳೆಯುವ ನಾಡಿನಲ್ಲಿ ಇಂತಹ ಬೆರಕೆ ಅಚ್ಚರಿಯಲ್ಲ. ಆದರೆ ಅದು ನಡೆದಿದೆ ಎಂಬುದಕ್ಕೆ ಖಂಡಖಂಡವಾಗಿ ಸಾಕ್ಷ್ಯ ಒದಗಿಸಿದ್ದು ಈ ಅಧ್ಯಯನದ ಕೊಡುಗೆ.

5. ದೆಹಲಿ ಮತ್ತು ವೆಲ್ಲೂರು

ಬೆಂಗಳೂರಿನ ತಳಿಗೆ ದೆಹಲಿಯಲ್ಲಿ ಒಂದು ದಾಯಾದಿಯಿತ್ತು. 1985–86ರಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮಹಾರಾಜ್ ಕಿಶನ್ ಭಾನ್ ಮತ್ತು ಅವರ ಸಂಗಡಿಗರು ನವಜಾತ ಶಿಶುಗಳಲ್ಲಿ ರೋಗಲಕ್ಷಣವಿಲ್ಲದ ಸೋಂಕನ್ನು ಗುರುತಿಸಿದರು. ಅಲ್ಲಿ ದೊರೆತ 116ಇ ತಳಿ ಜಿ9ಪಿ11 ಬಗೆಯದು. ಬೆಂಗಳೂರಿನ ತಳಿ ಬಹುಪಾಲು ದನದ್ದಾದರೆ, ದೆಹಲಿಯ ತಳಿ ಬಹುಪಾಲು ಮನುಷ್ಯರದು. ವಿಪಿ4 ಖಂಡವೊಂದೇ ದನದ ಮೂಲದ್ದು. ಎರಡು ದಿಕ್ಕಿನಿಂದ ಹೊರಟ ಎರಡು ತಳಿಗಳು ಪಿ11 ಎಂಬ ಒಂದೇ ಖಂಡದ ಬಗೆಯಲ್ಲಿ ಸಂಧಿಸಿದ್ದವು. ಎರಡೂ ನೆಲೆಸಿದ್ದು ನವಜಾತ ಶಿಶುಗಳಲ್ಲಿ.

ಇದರ ಕಾರಣದ ಮೇಲೆ ಅನಂತರದ ಸಂಶೋಧನೆ ಬೆಳಕು ಚೆಲ್ಲಿದೆ. ವಿಪಿ4 ಪ್ರೋಟೀನು ಕರುಳಿನ ಕೋಶದ ಮೇಲಿನ ಸಕ್ಕರೆಯ ಸರಪಳಿಗಳನ್ನು ಹಿಡಿದುಕೊಳ್ಳುತ್ತದೆ. ಪಿ8, ಪಿ4 ಬಗೆಗಳು ರಕ್ತದ ಗುಂಪಿಗೆ ಸಂಬಂಧಿಸಿದ, ಪೂರ್ಣವಾಗಿ ಬೆಳೆದ ಸರಪಳಿಗಳಿಗೆ ಅಂಟುತ್ತವೆ. ಪಿ11 ಬಗೆ ಅವುಗಳ ಪೂರ್ವರೂಪಕ್ಕೆ, ಅಂದರೆ ಇನ್ನೂ ಕವಲೊಡೆಯದ ಸರಪಳಿಗೆ ಅಂಟುತ್ತದೆ. ನವಜಾತ ಶಿಶುವಿನ ಕರುಳಿನಲ್ಲಿ ಈ ಪೂರ್ವರೂಪ ಹೆಚ್ಚು. ಹೀಗೆ ವಯಸ್ಸು, ಪ್ರಾಣಿ ಮತ್ತು ತಳಿ ಈ ಮೂರರ ಸಂಬಂಧ ಒಂದು ಖಂಡದಲ್ಲಿ ಬರೆದಿಟ್ಟಂತಾಯಿತು.

ಆದರೆ ತಳಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂಬುದಕ್ಕೆ ವೆಲ್ಲೂರಿನ ಅನುಭವ ಸಾಕ್ಷಿ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಗಗನ್‌ದೀಪ್ ಕಾಂಗ್ ಮತ್ತು ಅವರ ತಂಡ ನವಜಾತ ಶಿಶುಗಳಲ್ಲಿ ಜಿ10ಪಿ11 ಬಗೆಯನ್ನೇ ಕಂಡಿತು. ಆದರೆ ಅಲ್ಲಿ ಕೆಲವು ಶಿಶುಗಳಿಗೆ ಕರುಳಿನ ತೊಂದರೆಗಳಿದ್ದವು, ಕೆಲವು ಆರೋಗ್ಯವಾಗಿದ್ದವು. ಎರಡೂ ಗುಂಪಿನ ಶಿಶುಗಳ ವೈರಸ್ಸುಗಳ ಜೀನೋಮುಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಲಕ್ಷಣಕ್ಕೆ ಕಾರಣವಾಗಬಹುದಾದ ಆನುವಂಶಿಕ ವ್ಯತ್ಯಾಸ ಕಂಡುಬರಲಿಲ್ಲ. ಒಂದೇ ಪಾಠವನ್ನು ಎರಡು ದೇಹಗಳು ಬೇರೆ ಬೇರೆಯಾಗಿ ಓದಿದ್ದವು.

ನವಜಾತ ಸೋಂಕಿಗೆ ಒಳಗಾದ ದೆಹಲಿಯ ಮಕ್ಕಳಿಗೆ ಮುಂದೆ ರೋಟಾವೈರಸ್ ಭೇದಿ ಕಡಿಮೆಯಾಗಿ ಬಂದಿತು. ಮೆಲ್ಬರ್ನಿನಲ್ಲಿ ಬಿಷಪ್ ಅವರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇಂತಹ ಸೋಂಕು ಮುಂದಿನ ತೀವ್ರ ರೋಗದಿಂದ ರಕ್ಷಣೆ ನೀಡಿತ್ತು. ಇದರಿಂದ ಈ ತಳಿಗಳನ್ನೇ ಲಸಿಕೆಯಾಗಿಸುವ ಯೋಚನೆ ಹುಟ್ಟಿತು. ಬೆಂಗಳೂರಿನ ಐ321 ಮತ್ತು ದೆಹಲಿಯ 116ಇ ಎರಡನ್ನೂ ಶಿಶುಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 116ಇ ಪಡೆದ ಶಿಶುಗಳಲ್ಲಿ ಶೇ. 73ರಷ್ಟು, ಐ321 ಪಡೆದವರಲ್ಲಿ ಶೇ. 39ರಷ್ಟು ಪ್ರತಿಕಾಯದ ಪ್ರತಿಕ್ರಿಯೆ ತೋರಿದರು. ಬೆಂಗಳೂರಿನ ತಳಿ ಅಲ್ಲಿಗೆ ನಿಂತಿತು. ದೆಹಲಿಯ ತಳಿ ಮುಂದುವರಿದು ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯ ರೋಟಾವ್ಯಾಕ್ ಲಸಿಕೆಯಾಯಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ತೀವ್ರ ರೋಟಾವೈರಸ್ ಭೇದಿಯ ವಿರುದ್ಧ ಅದರ ಪರಿಣಾಮ ಶೇ. 53.6 ಎಂದು 2014ರಲ್ಲಿ ವರದಿಯಾಯಿತು. 2016ರಲ್ಲಿ ರೋಟಾವೈರಸ್ ಲಸಿಕೆ ನಾಲ್ಕು ರಾಜ್ಯಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿತು. 2019ರಲ್ಲಿ ಕರ್ನಾಟಕವನ್ನೂ ಒಳಗೊಂಡು ದೇಶದಾದ್ಯಂತ ವಿಸ್ತರಣೆಯಾಯಿತು.

6. ಕಾಪಿಟ್ಟ ಮಾದರಿಗಳ ಸಾಕ್ಷ್ಯ

ಒಂದೆರಡು ತಳಿಗಳಲ್ಲಿ ಕಂಡ ಬೆರಕೆ ಎಲ್ಲ ತಳಿಗಳ ನಿಯಮವೇ? ಖಂಡಗಳು ಮನಸ್ವಿಯಾಗಿ ಬೆರೆಯುತ್ತವೆಯೇ, ಇಲ್ಲವೇ ಅವುಗಳಿಗೆ ಕೂಟದ ಕಟ್ಟಳೆಯಿದೆಯೇ? ಹನ್ನೊಂದು ಖಂಡಗಳನ್ನೂ ಓದದೆ ಇದಕ್ಕೆ ಉತ್ತರ ಸಾಧ್ಯವಿರಲಿಲ್ಲ. 2008ರಲ್ಲಿ ಬೆಲ್ಜಿಯಮ್ಮಿನ ಯೆಲ್ಲೆ ಮಥೈಸೆನ್ಸ್ ಮತ್ತು ಸಂಗಡಿಗರು ಎಲ್ಲ ಖಂಡಗಳಿಗೂ ಬಗೆಸಂಖ್ಯೆ ನೀಡುವ ಹೊಸ ವರ್ಗೀಕರಣವನ್ನು ಮಂಡಿಸಿದರು. ಅದರಿಂದ ಮನುಷ್ಯರ ತಳಿಗಳು ಬಹುಮಟ್ಟಿಗೆ ಎರಡು ಜೀನ್‌ಸಮುಚ್ಚಯಗಳಲ್ಲಿ ಅಡಕವಾಗಿವೆ ಎಂಬುದು ಸ್ಪಷ್ಟವಾಯಿತು. ಡಬ್ಲ್ಯುಎ ಎಂಬ ತಳಿಯನ್ನು ಹೋಲುವ ಸಮುಚ್ಚಯ ಹಂದಿಗಳ ತಳಿಗಳೊಡನೆಯೂ, ಡಿಎಸ್1 ಎಂಬ ತಳಿಯನ್ನು ಹೋಲುವ ಸಮುಚ್ಚಯ ದನಗಳ ತಳಿಗಳೊಡನೆಯೂ ಪೂರ್ವಜ ಸಂಬಂಧ ಹೊಂದಿವೆ.

ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಚರಿತ್ರೆಕಾರರಿಗೆ ಹೆಚ್ಚು ಪ್ರಿಯವಾಗುವಂಥದು. ಅಮೆರಿಕದ ವಾಷಿಂಗ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1974ರಿಂದ 1991ರವರೆಗೆ ಸಂಗ್ರಹಿಸಿದ ಮಲದ ಮಾದರಿಗಳನ್ನು ಶೈತ್ಯಾಗಾರದಲ್ಲಿ ಕಾಪಿಡಲಾಗಿತ್ತು. ಅವುಗಳಲ್ಲಿ ಜಿ3ಪಿ8 ಬಗೆಯ 51 ತಳಿಗಳ ಪೂರ್ಣ ಜೀನೋಮನ್ನು ಓದಿದಾಗ, ಒಂದೇ ಹೆಸರಿನ ಒಳಗೆ ಹಲವು ವಂಶಶಾಖೆಗಳು ಏಕಕಾಲದಲ್ಲಿ ಸುತ್ತುತ್ತಿದ್ದುದು ಕಂಡಿತು. ಅವುಗಳ ನಡುವೆ ಖಂಡವಿನಿಮಯ ನಡೆದಿತ್ತು. ಆದರೂ ಪ್ರತಿಯೊಂದು ಶಾಖೆಯೂ ತನ್ನದೇ ಆದ ಖಂಡಗಳ ಕೂಟವನ್ನು ಬಹುಮಟ್ಟಿಗೆ ಉಳಿಸಿಕೊಂಡಿತ್ತು. ವೈರಸ್ಸಿನ ಪ್ರೋಟೀನುಗಳು ಪರಸ್ಪರ ಹೊಂದಿಕೊಂಡು ಕೆಲಸ ಮಾಡಬೇಕಾಗಿರುವುದರಿಂದ, ಬೆರೆತ ಎಲ್ಲ ಕೂಟಗಳೂ ಬಾಳುವುದಿಲ್ಲ ಎಂದು ಇದನ್ನು ಅರ್ಥೈಸಲಾಗಿದೆ. ಮಾದರಿಗಳನ್ನು ಸಂಗ್ರಹಿಸಿದವರ ಕಾಲದಲ್ಲಿ ಇಂತಹ ಓದು ಅಸಾಧ್ಯವಾಗಿತ್ತು. ಅವರು ಕಾಪಿಟ್ಟಿದ್ದರಿಂದ ಮಾತ್ರ ಮುಂದಿನವರಿಗೆ ಅದು ಸಾಧ್ಯವಾಯಿತು.

7. ಲಸಿಕೆಯ ನಂತರದ ಪ್ರಶ್ನೆ

ಈ ಪಾಠಕ್ಕೆ ಇಂದು ವ್ಯಾವಹಾರಿಕ ಮಹತ್ವವಿದೆ. ಬ್ರೆಜಿಲ್ ದೇಶ 2006ರಲ್ಲಿ ಜಿ1ಪಿ8 ಬಗೆಯ ಏಕತಳಿ ಲಸಿಕೆಯನ್ನು ಬಳಕೆಗೆ ತಂದ ಕೆಲವೇ ಕಾಲದಲ್ಲಿ ಅಲ್ಲಿ ಜಿ2ಪಿ4 ಬಗೆ ಪ್ರಬಲವಾಯಿತು. ಲಸಿಕೆಯೇ ತಳಿಯನ್ನು ಬದಲಿಸಿತೆಂಬ ಆತಂಕ ಮೂಡಿತು. ಆದರೆ ಲಸಿಕೆ ನೀಡದಿದ್ದ ನೆರೆಯ ದೇಶಗಳಲ್ಲಿಯೂ ಅದೇ ಕಾಲದಲ್ಲಿ ಅದೇ ಬಗೆ ಹೆಚ್ಚಿತ್ತು. ಹಿಂದಿನ ದಾಖಲೆಯಿಲ್ಲದೆ ಸಹಜವಾದ ಏರಿಳಿತವನ್ನೂ ಲಸಿಕೆಯ ಒತ್ತಡವನ್ನೂ ಬೇರ್ಪಡಿಸಲಾಗದು ಎಂಬುದು ಅಲ್ಲಿ ಮನವರಿಕೆಯಾಯಿತು.

ಮುಂದೆ ಇನ್ನೂ ಸೂಕ್ಷ್ಮವಾದ ಬದಲಾವಣೆಗಳು ಕಂಡವು. 2012ರಲ್ಲಿ ಜಪಾನಿನಲ್ಲಿ ದೊರೆತ ಜಿ1ಪಿ8 ತಳಿಗಳ ಹೊರಚಿಪ್ಪು ಡಬ್ಲ್ಯುಎ ವರ್ಗದ್ದು, ಒಳಗಿನ ಖಂಡಗಳು ಡಿಎಸ್1 ವರ್ಗದವು. 2013ರಿಂದ ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಕುದುರೆಯ ತಳಿಯನ್ನು ಹೋಲುವ ವಿಪಿ7 ಖಂಡವೂ ಡಿಎಸ್1 ವರ್ಗದ ಒಳಖಂಡಗಳೂ ಇರುವ ಜಿ3ಪಿ8 ತಳಿ ಹರಡಿತು. ವಾಷಿಂಗ್ಟನ್ನಿನ ಶೈತ್ಯಾಗಾರದ ತಳಿಗಳ ಹೆಸರೂ ಜಿ3ಪಿ8, ಈ ಹೊಸ ತಳಿಯ ಹೆಸರೂ ಜಿ3ಪಿ8. ಹೆಸರು ಒಂದೇ, ವಂಶ ಬೇರೆ. ಎರಡು ಗರಿಗಳ ಓದು ಎಷ್ಟು ದಾರಿತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಭಾರತದಲ್ಲಿ 2005ರ ಡಿಸೆಂಬರಿನಿಂದ 2007ರ ನವೆಂಬರಿನವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭೇದಿಯಿಂದ ಆಸ್ಪತ್ರೆ ಸೇರಿದ 4,243 ಮಕ್ಕಳಲ್ಲಿ ಸುಮಾರು ಶೇ. 39ರಷ್ಟು ಮಂದಿಯಲ್ಲಿ ರೋಟಾವೈರಸ್ ಪತ್ತೆಯಾಗಿತ್ತು. ಆಗ ಜಿ2ಪಿ4 ಮತ್ತು ಜಿ1ಪಿ8 ಬಗೆಗಳು ಮುಂದಿದ್ದವು. ಲಸಿಕೆ ಬಳಕೆಗೆ ಬಂದ ವರ್ಷಗಳಲ್ಲಿ ಜಿ3ಪಿ8 ಪ್ರಬಲವಾಯಿತು. ಈ ಬದಲಾವಣೆಯನ್ನು ಲಸಿಕೆಯ ಲೆಕ್ಕಕ್ಕೆ ಬರೆಯುವ ಮುನ್ನ ಬ್ರೆಜಿಲಿನ ಅನುಭವವನ್ನು ನೆನೆಯಬೇಕು. ಹೆಸರನ್ನು ನಂಬುವ ಮುನ್ನ ಹನ್ನೊಂದು ಖಂಡಗಳನ್ನೂ ಓದಬೇಕು.

ಲಸಿಕೆಯ ರಕ್ಷಣೆ ನಮ್ಮಲ್ಲಿ ಅರ್ಧದಷ್ಟು ಮಾತ್ರವಿರುವುದಕ್ಕೆ ತಳಿಗಳ ವೈವಿಧ್ಯವೊಂದೇ ಕಾರಣವೆಂದು ಹೇಳುವುದೂ ಸರಿಯಲ್ಲ. ಮೆಕ್ಸಿಕೋ ದೇಶದ ಮಕ್ಕಳಲ್ಲಿ ಎರಡು ಸಹಜ ಸೋಂಕುಗಳ ಅನಂತರ ತೀವ್ರ ರೋಗ ಕಾಣಲೇ ಇಲ್ಲವೆಂದು 1996ರ ಅಧ್ಯಯನ ತೋರಿಸಿತ್ತು. ವೆಲ್ಲೂರಿನಲ್ಲಿ ಹುಟ್ಟಿನಿಂದ ಮೂರು ವರ್ಷ ಹಿಂಬಾಲಿಸಿದ 373 ಮಕ್ಕಳಲ್ಲಿ ಮೂರು ಸೋಂಕುಗಳ ಅನಂತರವೂ ರಕ್ಷಣೆ ಶೇ. 79ರಷ್ಟೇ ಇತ್ತೆಂದು 2011ರಲ್ಲಿ ಪ್ರಕಟವಾಯಿತು. ಸಹಜ ಸೋಂಕೇ ಪೂರ್ಣ ರಕ್ಷಣೆ ಕೊಡದ ಪರಿಸರದಲ್ಲಿ ಲಸಿಕೆಯಿಂದ ಅದನ್ನು ನಿರೀಕ್ಷಿಸಲಾಗದು. ಆದರೂ ಸಾವಿರಾರು ಮಕ್ಕಳು ಸಾಯುತ್ತಿದ್ದ ದೇಶದಲ್ಲಿ ಅರ್ಧದಷ್ಟು ರಕ್ಷಣೆಯ ಬೆಲೆ ಅಲ್ಪವಲ್ಲ.

8. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ರೋಟಾವೈರಸ್ಸಿನ ಚರಿತ್ರೆ ಒಂದು ವಂಶವೃಕ್ಷವಲ್ಲ. ಹನ್ನೊಂದು ಖಂಡಗಳ ಹನ್ನೊಂದು ವಂಶವೃಕ್ಷಗಳು ಕೆಲವೊಮ್ಮೆ ಜೊತೆಗೂಡಿ, ಕೆಲವೊಮ್ಮೆ ಅಗಲಿ ನಡೆದ ಚರಿತ್ರೆ. ಎರಡು, ಹೊರಚಿಪ್ಪಿನ ಹೆಸರು ರೋಗನಿಗಾವಣೆಗೆ ಅನುಕೂಲವೇ ಹೊರತು ವಂಶನಿರ್ಣಯಕ್ಕೆ ಸಾಲದು. ಮೂರು, ಮನುಷ್ಯರ ತಳಿಗಳ ಅಧ್ಯಯನ ಪ್ರಾಣಿಗಳ ತಳಿಗಳ ಅಧ್ಯಯನವಿಲ್ಲದೆ ಪೂರ್ಣವಾಗದು.

ಇವುಗಳೊಡನೆ ಸಂಶೋಧಕರೂ ಗ್ರಂಥಭಂಡಾರಗಳೂ ಗಮನಿಸಬೇಕಾದ ಇನ್ನೊಂದು ಮಾತಿದೆ. ಬೆಂಗಳೂರಿನ ಐ321 ಲಸಿಕೆಯಾಗಲಿಲ್ಲ. ಆದರೆ ರೋಗವಿಲ್ಲದ ಶಿಶುಗಳ ಮಲವನ್ನೂ ಪರೀಕ್ಷಿಸಿ, ವಾಡಿಕೆಗೆ ಹೊಂದದ ಗೆರೆಗಳನ್ನು ಬದಿಗಿಡದೆ ವಿಚಾರಿಸಿದ್ದರಿಂದ, ದನದ ಒಂಬತ್ತು ಖಂಡಗಳೂ ಮನುಷ್ಯರ ಎರಡು ಖಂಡಗಳೂ ಒಂದೇ ಕಣದಲ್ಲಿ ಬಾಳಬಲ್ಲವೆಂಬ ತಿಳಿವು ಲೋಕಕ್ಕೆ ದೊರೆಯಿತು. ಲಸಿಕೆ ಬಳಕೆಗೆ ಬರುವ ಮುನ್ನಿನ ತಳಿಗಳನ್ನು ಇನ್ನು ಮತ್ತೆ ಸಂಗ್ರಹಿಸಲಾಗದು; ಆ ಕಾಲ ಮುಗಿದಿದೆ. ನಮ್ಮ ಆಸ್ಪತ್ರೆಗಳ, ಪ್ರಯೋಗಶಾಲೆಗಳ ಶೈತ್ಯಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಮಾದರಿಗಳೂ ಜೆಲ್ಲಿನ ಛಾಯಾಚಿತ್ರಗಳೂ ದಾಖಲೆ ಪುಸ್ತಕಗಳೂ ಈ ದೃಷ್ಟಿಯಿಂದ ಓಲೆಗರಿ, ಕಡತಗಳಷ್ಟೇ ಬೆಲೆಯುಳ್ಳ ಆಕರಗಳು. ಅವನ್ನು ಪಟ್ಟಿಮಾಡಿ, ಕಾಪಾಡಿ, ಓದಲು ತೆರೆದಿಡುವುದು ವಿಜ್ಞಾನಚರಿತ್ರೆಯ ಕೆಲಸವಷ್ಟೇ ಅಲ್ಲ. ನಾಳೆ ಹೊಸ ಹೆಸರಿನಿಂದಲೋ ಹಳೆಯ ಹೆಸರಿನಿಂದಲೋ ಬರುವ ತಳಿಯನ್ನು ಸರಿಯಾಗಿ ಗುರುತಿಸಿ ಮಕ್ಕಳನ್ನು ಕಾಯುವ ಕೆಲಸಕ್ಕೂ ಅದೇ ತಳಹದಿ.